ಪುಸ್ತಕದಲ್ಲಿಲ್ಲದ ನಟ್ಟು

ಕಾರಿನ ಮ್ಯಾಟನ್ನು ಎತ್ತಿ, ಅಡಿಯ ಒದ್ದೆಯಲ್ಲಿ ತೋರುಬೆರಳನ್ನು ಒತ್ತಿ, ಅದನ್ನು ನಾಲಗೆಯ ತುದಿಗೆ ಮುಟ್ಟಿಸಿ ಮೇಸ್ತ್ರಿ ಒಂದು ಕಣ್ಣು ಮುಚ್ಚಿದರು. ಮೊಣಕಾಲಿನ ಮೇಲಕ್ಕೆ ಕಟ್ಟಿದ ಮುಂಡು, ಬೆಸುಗೆಯ ಕಿಡಿ ಬಿದ್ದು ಅಲ್ಲಲ್ಲಿ ಬೆಳ್ಳಗಾದ ಮುಂಗೈ. ಕಾನ್ವೆಂಟಿನಲ್ಲಿ ಟೇಬಲ್ ಮ್ಯಾನರ್ಸ್ ಕಲಿತಿದ್ದ ನಾನು ಮುಖ ತಿರುಗಿಸಿದೆ.

"ಇದು ಮಳೆ ನೀರಲ್ಲ ಡಾಕ್ಟ್ರೇ. ತುಕ್ಕಿನ ರುಚಿ ಉಂಟು. ಎಂಜಿನ್ನಿಂದು."

ಮೂಡಬಿದಿರೆಯಲ್ಲಿ ಡಾಕ್ಟರಾಗಿದ್ದ ಅಪ್ಪ ಒಂದು ತಿಂಗಳಿಂದ ಆ ನೀರನ್ನು ಗೋಣಿಯಿಂದ ಒರೆಸುತ್ತ ಬಾಗಿಲ ರಬ್ಬರನ್ನು ಬೈಯುತ್ತಿದ್ದರು. ಅವರದೇನು ತಪ್ಪು? ಜೂನಿನಿಂದ ಸೆಪ್ಟೆಂಬರ್‌ವರೆಗೆ ನಮ್ಮ ಕಡೆ ಯಾವ ಕಾರಿನ ನೆಲ ಒಣಗಿರುತ್ತಿತ್ತು? ಆದರೆ ನಮ್ಮದು ಇಂಗ್ಲಿಷ್ ಕಾರು. ಚಾರ್ಮಾಡಿ ಘಾಟಿಯ ಮೇಲಿನ ಕಾಫಿ ಪ್ಲಾಂಟರ್ ಒಬ್ಬ ಸ್ವದೇಶಕ್ಕೆ ಮರಳುವಾಗ ಮಾರಿದ್ದು. ಅದರ ಡ್ಯಾಶ್‌ಬೋರ್ಡಿನ ಕೆಳಗೆ ಹೀಟರಿನ ಪೆಟ್ಟಿಗೆ, ಪೆಟ್ಟಿಗೆಯೊಳಗೆ ಎಂಜಿನ್ನಿನ ಬಿಸಿನೀರು ಹರಿಯುವ ತಾಮ್ರದ ಸಣ್ಣ ಕೋರ್. ಅದು ತೂತಾಗಿತ್ತು.

ಮೇಸ್ತ್ರಿ ಬಂಟ್ವಾಳದ ಹೊಳೆಬದಿಯಲ್ಲಿ ಗಾಡಿ ರಿಪೇರಿಯ ಶೆಡ್ಡು ಇಟ್ಟುಕೊಂಡವರು. ರೇಡಿಯೇಟರಿಗೆ ಬಾವಿಯ ನೀರನ್ನು ಬಟ್ಟೆಯಲ್ಲಿ ಸೋಸಿ ಹೊಯ್ಯುತ್ತಿದ್ದರು. ದಾರಿಬದಿಯ ತೋಡಿನ ಕೆಂಪು ನೀರು ತುಂಬಿಸಿಕೊಂಡು ಬಂದವರಿಗೆ ಬೈಗುಳ ಕಟ್ಟಿಟ್ಟದ್ದು. ನಾವು ಕುಡಿಯದ ನೀರನ್ನು ಗಾಡಿಗೆ ಕುಡಿಸಬಾರದು ಎಂಬುದು ಅವರ ಮಾತು. ಅಂಥವರೂ ಅವತ್ತು, "ಈ ಸೆಕೆಯ ಊರಲ್ಲಿ ಹೀಟರ್ ಯಾರಿಗೆ ಬೇಕು ಮಾರಾಯ್ರೆ?" ಎಂದು ನಕ್ಕು, ಹೀಟರಿಗೆ ಹೋಗುವ ಎರಡು ರಬ್ಬರ್ ಕೊಳವೆಗಳನ್ನು ಒಂದಕ್ಕೊಂದು ಸೇರಿಸಿಬಿಟ್ಟರು. ನೆಲ ಒಣಗಿತು. ಅಪ್ಪ ಖುಷಿಯಾದರು.

ನನ್ನ ಅಕ್ಕನನ್ನು ಕೊಟ್ಟದ್ದು ಘಾಟಿಯ ಮೇಲಿನ ಒಂದು ಎಸ್ಟೇಟಿಗೆ. ಚೊಚ್ಚಲ ಬಸುರಿ. ಅಲುಗಾಡಬಾರದೆಂದು ಅಪ್ಪನೇ ಹೇಳಿದ್ದರಿಂದ ಅವಳು ತವರಿಗೆ ಇಳಿದಿರಲಿಲ್ಲ. ಅವಳನ್ನು ನೋಡಲೆಂದು ಹೊರಟ ಅಪ್ಪನಿಗೆ ಮೂರನೇ ತಿರುವಿನಲ್ಲಿ ಗಾಜು ಒಳಗಿನಿಂದ ಮಂಜು ಕಟ್ಟಿ ಏನೂ ಕಾಣದಾಯಿತು. ಒಂದು ಕೈಯಲ್ಲಿ ಒರೆಸುತ್ತ ಹೋದರೆ ಚಕ್ರ ರಸ್ತೆಯ ಅಂಚಿಗೆ ಬಂದು ಒಂದು ಕಲ್ಲಿಗೆ ತಾಗಿ ನಿಂತಿತು. ಹೇಗೋ ತಿರುಗಿಸಿಕೊಂಡು ಬಂದರು. ಹೀಟರಿನ ಬಿಸಿಗಾಳಿ ಇದ್ದದ್ದು ಕಾಲು ಬೆಚ್ಚಗಾಗಲು ಮಾತ್ರವಲ್ಲ, ಗಾಜು ತಿಳಿಯಾಗಿರಲು ಕೂಡ. ಅದು ನಮಗೆ ಆಗ ಗೊತ್ತಾಯಿತು.

ಇದನ್ನು ಕೇಳಿದ ಮೇಸ್ತ್ರಿ ಬಾನೆಟ್ ಎತ್ತಿ, ತಾವೇ ಸೇರಿಸಿದ್ದ ಕೊಳವೆಗಳನ್ನು ನೋಡಿದರು. ಆಮೇಲೆ, "ತಪ್ಪು ನನ್ನದು. ಬಂಟ್ವಾಳದ ಸೆಕೆ ನೋಡಿದೆ, ನಿಮ್ಮ ದಾರಿ ಕೇಳ್ಲಿಲ್ಲ" ಎಂದರು. ಅಂದಿನಿಂದ ಯಾವ ಗಾಡಿ ಬಂದರೂ ಅವರ ಮೊದಲ ಪ್ರಶ್ನೆ, ಇದು ಯಾವ ದಾರಿಯಲ್ಲಿ ಓಡುವುದು?

ಹೊಸ ಕೋರ್ ಎಲ್ಲೂ ಸಿಗಲಿಲ್ಲ. ಅವರು ಗುಜರಿಯ ಜೀಪಿನ ರೇಡಿಯೇಟರಿನಿಂದ ಒಂದು ತುಂಡು ಕತ್ತರಿಸಿ, ತಮ್ಮ ಮನೆಯ ಹಳೆಯ ತಾಮ್ರದ ಹಂಡೆ ಕೊಯ್ದು ಆ ತಗಡಿನಿಂದ ತುಂಡಿನ ಎರಡೂ ತುದಿಗೆ ಮುಚ್ಚಳ ಬೆಸೆದರು. ಅವರ ಹೆಂಡತಿ ಶೆಡ್ಡಿಗೇ ಬಂದು, ಡಾಕ್ಟ್ರ ಕಾರಿಗೆ ಬಿಸಿನೀರು, ನಮ್ಮ ಮನೆಗೆ ತಣ್ಣೀರು ಎಂದು ಚುಚ್ಚಿ ಹೋದರು. ಕೋರನ್ನು ತೊಟ್ಟಿಯಲ್ಲಿ ಮುಳುಗಿಸಿ ಸೈಕಲ್ ಪಂಪಿನಿಂದ ಗಾಳಿ ಹೊಡೆದರೆ ಗುಳ್ಳೆ ಎದ್ದಿತು. ಮತ್ತೆ ಬೆಸುಗೆ, ಮತ್ತೆ ಗುಳ್ಳೆ. ನಾಲ್ಕನೇ ಸಲ ನೀರು ಸುಮ್ಮನಿತ್ತು.

ಜೋಡಿಸುವ ದಿನ ಬೆಳಿಗ್ಗೆಯೇ ಟೆಲಿಗ್ರಾಂ: ಅಕ್ಕನಿಗೆ ನೋವು ಶುರುವಾಗಿದೆ, ಬೇಗ ಬನ್ನಿ. ಶೆಡ್ಡಿನಲ್ಲಿ ಅಪ್ಪ ಗಡಿಯಾರ ನೋಡುತ್ತ ಓಡಾಡುತ್ತಿದ್ದರು. ನಾನು ಇಂಗ್ಲಿಷ್ ಮ್ಯಾನ್ಯುವಲ್ ಓದಿ ಹೇಳಲು ಹೋದವಳು. ಪೆಟ್ಟಿಗೆಗೆ ಆರು ನಟ್ಟು ಎಂದು ಓದಿದೆ.

"ಏಳು," ಎಂದರು ಮೇಸ್ತ್ರಿ. "ಹಿಂದೆ ಒಂದು ಉಂಟು. ಬರೆದವರು ಅಲ್ಲಿಗೆ ಕೈ ಹಾಕ್ಲಿಲ್ಲ."

ಅವರ ಕೈಯೂ ಅಲ್ಲಿಗೆ ಹೋಗುತ್ತಿರಲಿಲ್ಲ. ಡ್ಯಾಶ್‌ಬೋರ್ಡ್ ಪೂರ್ತಿ ಬಿಚ್ಚಬೇಕಾದರೆ ಮತ್ತೊಂದು ದಿನ. ಅವರು ನನ್ನ ಕೈಯನ್ನೇ ನೋಡಿದರು.

"ಮಗಾ, ಬಳೆ ತೆಗಿ."

ಕಾರಿನ ನೆಲದಲ್ಲಿ ಅಂಗಾತ ಮಲಗಿ, ಲಂಗಕ್ಕೆಲ್ಲ ಗ್ರೀಸು ಮಾಡಿಕೊಂಡು ಆ ಏಳನೆಯದನ್ನು ತೆಗೆದೆ. ಕಣ್ಣು ಬೇಡ, ಬೆರಳಿಗೇ ಗೊತ್ತಾಗ್ತದೆ ಎಂದು ಅವರು ಹೊರಗಿನಿಂದ ಹೇಳುತ್ತಿದ್ದರು. ಹಳೆಯ ಕೋರ್ ಹೊರಗೆ ಬಂತು, ಹೊಸದು ಒಳಗೆ ಕೂತಿತು. ಏಳನೆಯದನ್ನು ನಾನೇ ಬಿಗಿದೆ.

ಅಪ್ಪ ಸ್ಟಿಯರಿಂಗ್ ಹಿಡಿದು ಕೂತು ಕೇಳಿದರು, ಹಿಂದಿನ ಆ ನಟ್ಟು ಬಿಗಿ ಉಂಟಾ ಎಂದು. ಅದು ಸಡಿಲವಾದರೆ ಪೆಟ್ಟಿಗೆ ಅಲುಗಾಡಿ ಕೊಳವೆ ಕಳಚುತ್ತದೆ, ನೀರು ಹೋಗಿ ಎಂಜಿನ್ ಘಾಟಿಯ ನಡುವೆ ನಿಲ್ಲುತ್ತದೆ.

"ನನ್ನ ಕೈ ಅಲ್ಲಿಗೆ ಹೋಗುವುದಿಲ್ಲ ಡಾಕ್ಟ್ರೇ. ಅವಳನ್ನು ಕೇಳಿ."

ಅಪ್ಪ ನನ್ನ ಕಡೆ ತಿರುಗಿದರು. ಮನೆಯಲ್ಲಿ ನನ್ನನ್ನು ಯಾರಾದರೂ ಕೇಳುತ್ತಿದ್ದದ್ದು ಕಾಫಿಗೆ ಸಕ್ಕರೆ ಹಾಕಿದ್ದೀಯಾ ಎಂದು ಮಾತ್ರ. ಉಂಟು ಎನ್ನಹೋಗಿ ತಡೆದೆ. ಮೇಸ್ತ್ರಿ ಮೆಲ್ಲಗೆ, "ಸಂಶಯ ಇದ್ರೆ ಇನ್ನೊಮ್ಮೆ ನೋಡು. ಅದರಲ್ಲಿ ನಾಚಿಕೆ ಇಲ್ಲ" ಎಂದರು. ಮತ್ತೆ ಕೈ ಹಾಕಿದೆ. ನಟ್ಟು ಕಾಲು ಸುತ್ತು ತಿರುಗಿ ಗಟ್ಟಿಯಾಗಿ ನಿಂತಿತು.

"ಈಗ ಬಿಗಿ ಉಂಟು," ಎಂದೆ.

ಅಪ್ಪ ಬೇರೇನೂ ಕೇಳದೆ ಕಾರು ಹೊರಡಿಸಿದರು. ದಾರಿಯುದ್ದಕ್ಕೂ ಗಾಜು ತಿಳಿಯಾಗಿತ್ತಂತೆ. ಮರುದಿನ ಬೆಳಿಗ್ಗೆ ಅಕ್ಕನ ಮಗಳು ಅಪ್ಪನ ಕೈಗೇ ಹುಟ್ಟಿದಳು. ಕೂಸು ಕಾಲು ಮುಂದಾಗಿ ಬಂದಿತ್ತು, ಅಪ್ಪ ತಲುಪದಿದ್ದರೆ ಏನಾಗುತ್ತಿತ್ತೋ. ಆ ಕೂಸಿನ ತಲೆಯೇ ಈಗ ಪೂರ್ತಿ ನರೆತಿದೆ.

ಮೇಸ್ತ್ರಿ ತೀರಿಕೊಂಡಾಗ ನಾನು ಮದುವೆಯಾಗಿ ಬೆಳ್ತಂಗಡಿಯಲ್ಲಿದ್ದೆ. ಬಸ್ಸು ಹಿಡಿದು ಹೋದೆ. ಅಂಗಳದಲ್ಲಿ ನೆರೆದಿದ್ದವರಲ್ಲಿ ಯಾರೋ ನನ್ನ ಇಸ್ತ್ರಿ ಮಾಡಿದ ಸೀರೆ, ವ್ಯಾನಿಟಿ ಬ್ಯಾಗ್ ನೋಡಿ, ಇದು ಯಾರೆಂದು ಅವರ ಹೆಂಡತಿಯನ್ನು ಕೇಳಿದರು. ಆಕೆ ಕಣ್ಣೊರೆಸಿಕೊಂಡು ನನ್ನನ್ನು ಪಕ್ಕದಲ್ಲಿ ಕೂರಿಸಿಕೊಂಡರು.

"ಇವರೊಟ್ಟಿಗೆ ಶೆಡ್ಡಿನಲ್ಲಿ ಕೆಲಸ ಮಾಡಿದವಳು," ಎಂದರು.