ಲಾಡಿಯ ಕೆಳಗಿನ ಹುಣ್ಣು

“ಆಯಿ, ಲಂಗದ ಲಾಡಿ ಸ್ವಲ್ಪ ಸಡಲ ಮಾಡ್ರಿ” ಎಂದಳು ಹರೆಯದ ಡಾಕ್ಟರಬಾಯಿ. ಖಾನಾಪುರದ ಸಾಲೆಯಲ್ಲಿ ಪುಕ್ಕಟೆ ಚರ್ಮ ತಪಾಸಣೆ ನಡೆದಿತ್ತು. ಕೈಕಾಲು ತೋರಿಸಿ ಎದ್ದು ಬರುವುದೆಂದು ನಾವು ಹೆಂಗಸರು ಹೋಗಿದ್ದೆವು.

“ನನ್ನ ನಡಾ ನನ್ನ ಗಂಡನೂ ಬೆಳಕಿನಾಗ ನೋಡಿಲ್ಲವ್ವಾ” ಎಂದೆ.

“ಹಂಗಾರ ನಾನ ಮೊದಲ ನೋಡತೇನಿ, ಬರ್ರಿ.”

ಹಿಂದೆ ನಿಂತವರೆಲ್ಲ ನಕ್ಕರು. ನಾನೂ ನಗುತ್ತಲೇ ಪರದೆಯ ಹಿಂದೆ ಹೋದೆ. ಹರೆಯದಿಂದ ಲಾಡಿ ಬಿಗಿದು ಬಿಗಿದು ನಡುವಿನ ಸುತ್ತ ಕಪ್ಪು ಗೆರೆ ಬಿದ್ದಿತ್ತು. ಆ ಗೆರೆಯ ಮೇಲೊಂದು ಹುಣ್ಣು. ವರ್ಷವಾದರೂ ಮಾಯ್ದಿರಲಿಲ್ಲ. ಅರಿಷಿಣ ಮೆತ್ತಿ, ಅದರ ಮೇಲೆಯೇ ಮತ್ತೆ ಲಾಡಿ ಬಿಗಿಯುತ್ತಿದ್ದೆ. ಅದನ್ನು ಕಂಡು ಡಾಕ್ಟರಬಾಯಿ ಬೆಳಗಾವಿಯ ದವಾಖಾನೆಗೆ ಕಳಿಸಿದಳು. ಅಲ್ಲಿ ಚೂರು ಚರ್ಮ ತೆಗೆದು ಪರೀಕ್ಷೆ ಮಾಡಿ, ಲಾಡಿ ಒಂದೇ ಕಡೆ ತಿಕ್ಕಿ ತಿಕ್ಕಿ ಬಂದ ಕ್ಯಾನ್ಸರ್ ಎಂದರು. ಇನ್ನೂ ಹಬ್ಬಿರಲಿಲ್ಲ. ಕೊಯ್ದು ತೆಗೆದರು, ಬದುಕಿದೆ.

ಅಂದಿನಿಂದ ಓಣಿಯಲ್ಲಿ ಯಾರ ಮನೆಗೆ ಹೋದರೂ ಹೆಂಗಸರಿಗೆ ನಡ ತೋರಿಸಿರೆನ್ನುತ್ತೇನೆ. ಮುದುಕಿಗೆ ನಾಚಿಕೆ ಇಲ್ಲವೆಂದು ಬೈಯುತ್ತಾರೆ, ಬೈಯುತ್ತಲೇ ತೋರಿಸುತ್ತಾರೆ. ನನ್ನೊಂದಿಗೆ ಮಾತು ಬಿಟ್ಟಿದ್ದ ನೆಗೆಣ್ಣಿ, ಮೈದುನನ ಹೆಂಡತಿ, ಮೊನ್ನೆ ತಾನಾಗಿ ಬಂದಳು. ಬಾಗಿಲು ಹಾಕಿದಳು, ಲಾಡಿ ಸಡಲಿಸಿ ಬೆಳಕಿಂಡಿಯ ಕೆಳಗೆ ಬೆನ್ನು ತಿರುಗಿಸಿ ನಿಂತಳು.