ಕುರಿಯ ಕಾಲುಬೇನೆಯ ನಿತ್ಯ ಓದುಗರು

ನಮ್ಮ ಕಾಲೇಜಿನ ಡಿಜಿಟಲ್ ಗ್ರಂಥಾಲಯದ ಬಳಕೆ ವರದಿ ತೆರೆದವನೇ ಕುರ್ಚಿಯಿಂದ ಎದ್ದು ನಿಂತೆ. ಯಾರೂ ಓದದಿದ್ದರೆ ಈ ಸೇವೆ ಬಂದ್ ಎಂದು ಪ್ರಾಂಶುಪಾಲರು ಗ್ರಂಥಪಾಲಕನಾದ ನನ್ನನ್ನು ಎಚ್ಚರಿಸಿದ್ದರು. ಆದರೆ ಯಾರೋ ದಿನವೂ ಬೆಳಿಗ್ಗೆ ಒಂಬತ್ತಕ್ಕೆ ಕುರಿಗಳ ಕಾಲುಬೇನೆ ಕುರಿತ ಒಂದೇ ಇಂಗ್ಲಿಷ್ ಪ್ರಬಂಧ ತೆರೆಯುತ್ತಿದ್ದರು! ಅಫಜಲಪುರದ ನಮ್ಮದು ಕಲಾ ಕಾಲೇಜು.

ಈ ಸಂಶೋಧಕನನ್ನು ನೋಡಲೇಬೇಕೆಂದು ಮರುದಿನ ಬೇಗ ಬಂದು ಕಪಾಟಿನ ಹಿಂದೆ ನಿಂತೆ. ಒಂಬತ್ತಕ್ಕೆ ಕಸ ಗುಡಿಸುವ ಶಾಂತಮ್ಮ ಬಂದರು. ಕಂಪ್ಯೂಟರಿಗೆ ಊದಿನಕಡ್ಡಿ ಬೆಳಗಿದರು, ಪರದೆಯ ಮೇಲಿನ ಗುರುತು ಒತ್ತಿ ಕಾಲುಬೇನೆ ತೆರೆದರು, ಕೈಮುಗಿದರು.

“ಇದೇನ್ರಿ ಶಾಂತಮ್ಮ?” ಎಂದೆ.

“ಉದ್ಘಾಟನಿ ದಿನ ಪ್ರಿನ್ಸಿಪಾಲ್ ಸಾಹೇಬ್ರು ತೆರೆದ ಹಾಳಿ ಇದೇ ಅಲ್ರಿ ಸರ. ನಮ್ಮ ಗಾಣಗಾಪುರದ ಗುಡ್ಯಾಗ ದೇವರ ಪೋಥಿ ದಿನಾ ಬಿಚ್ಚಿ ಓದತಾರ್ರಿ. ಒಂದಿನ ತಪ್ಪಿದ್ರ ಹ್ಯಾಂಗ್ರಿ?”

ವರದಿಯನ್ನು ಇದ್ದಂತೆಯೇ ಪ್ರಾಂಶುಪಾಲರಿಗೆ ಕೊಟ್ಟೆ, ಸೇವೆ ಉಳಿಯಿತು. ಈಗ ಶಾಂತಮ್ಮ ರಜೆ ಹಾಕಿದ ದಿನ ಒಂಬತ್ತಕ್ಕೆ ಸರಿಯಾಗಿ ಊದಿನಕಡ್ಡಿ ಹಚ್ಚಿ ಆ ಪ್ರಬಂಧ ತೆರೆಯುವವನು ನಾನೇ. ಕುರಿಗಳ ಕಾಲುಬೇನೆಗೆ ಮದ್ದು ಬೇಕಿದ್ದರೆ ಕೇಳಿ, ಬಾಯಿಪಾಠವಾಗಿದೆ.