ಜಂಬಕ್ಕ ಕಂಪ್ಯೂಟರಿಗೆ ಹಾಕಿದ ಬೀಸುವ ಪದಗಳು

ತೊಂಬತ್ತೆರಡರಲ್ಲಿ ನಮ್ಮ ದೊಡ್ಡಪ್ಪನ ಮಗಳು ಜಂಬಕ್ಕ ಮಸ್ಕಿಯ ಮನೆಗೆ ಕಂಪ್ಯೂಟರ್ ತಂದಳು. ಲಿಂಗಸುಗೂರಿನಲ್ಲಿ ಅವಳು ಕಲಿತ ಕಂಪ್ಯೂಟರ್ ತರಗತಿಯವರೇ ಮಾರಿದ ಹಳೆಯ ಯಂತ್ರ. ಪೆಟ್ಟಿಗೆಯನ್ನು ಬಸ್ಸಿನ ಸೀಟಿನ ಕೆಳಗೆ ತಳ್ಳಿ, ಪರದೆಯನ್ನು ಕೌದಿಯಲ್ಲಿ ಸುತ್ತಿ ತೊಡೆಯ ಮೇಲಿಟ್ಟುಕೊಂಡು ಬಂದಳು. ಪಕ್ಕದಲ್ಲಿ ಕುಳಿತಿದ್ದ ಹೆಂಗಸು ಕೂಸೆಂದು ತಿಳಿದು, ಮುಖ ತೋರಿಸು ಎಂದಳಂತೆ.

ದೊಡ್ಡಪ್ಪ ಅಮರಗುಂಡಪ್ಪನ ಕಿರಾಣಿ ಅಂಗಡಿಯ ಹಿಂದಿನ ಕೋಣೆಯಲ್ಲಿ ಅದಕ್ಕೆ ಜಾಗವಾಯಿತು. ಅಂಗಡಿಯಲ್ಲಿ ಮೆಣಸಿನಕಾಯಿ ಚೀಲ ಕೊಡವಿದರೆ ಧೂಳು ನೇರ ಅಲ್ಲಿಗೇ ಬರುತ್ತಿತ್ತು. ಜಂಬಕ್ಕ ಕಿಟಕಿಗೆ ಒದ್ದೆ ಗೋಣಿತಾಟು ಕಟ್ಟಿದಳು. ದೊಡ್ಡಪ್ಪನ ಗಡ್ಡದ ಬ್ರಷ್ಷಿನಿಂದ ಕೀಲಿಗಳ ಸಂದಿ ಗುಡಿಸುತ್ತಿದ್ದಳು, ಸೈಕಲ್ ಪಂಪಿನಿಂದ ಪೆಟ್ಟಿಗೆಯೊಳಗೆ ಗಾಳಿ ಊದುತ್ತಿದ್ದಳು. ಆ ಯಂತ್ರಕ್ಕೆ ತನ್ನದೆನ್ನುವ ನೆನಪಿರಲಿಲ್ಲ. ಅಂಗೈಗಿಂತ ತುಸು ದೊಡ್ಡದಾದ, ರಟ್ಟಿನಷ್ಟು ತೆಳುವಾದ ಕರಿಯ ಫ್ಲಾಪಿಯೊಂದನ್ನು ತೂರಿಸಿದರೆ ಎಚ್ಚರವಾಗುತ್ತಿತ್ತು. ಬರೆದದ್ದನ್ನು ಇನ್ನೊಂದು ಫ್ಲಾಪಿಯಲ್ಲಿ ಇಡಬೇಕು. ಇಡುವ ಮೊದಲೇ ಕರೆಂಟು ಹೋದರೆ ಬರೆದದ್ದೂ ಹೋಯಿತು.

ಜಂಬಕ್ಕನ ತಾಯಿ ಕಸ್ತೂರೆಮ್ಮ, ಮಗಳಿಗೆ ಐದು ತುಂಬುವ ಮೊದಲೇ ತೀರಿಕೊಂಡಿದ್ದಳು. ಆಕೆಯ ಫೋಟೋ ಕೂಡ ಇರಲಿಲ್ಲ. ಇದ್ದದ್ದು ದೊಡ್ಡಪ್ಪನ ಒಂದೇ ಮಾತು: "ನಿಮ್ಮವ್ವ ಬೀಸಾಕ ಕುಂತು ಪದ ಎತ್ತಿದ್ಲಂದ್ರ, ಹಾಸಿಗಿ ಬಿಟ್ಟು ಏಳಾಕ ಮನಸ ಬರತಿರಲಿಲ್ಲ." ಆದರೆ ಅವನಿಗೆ ಒಂದು ಪದವೂ ಪೂರ್ತಿ ಬರುತ್ತಿರಲಿಲ್ಲ. ಪೂರ್ತಿ ಬಲ್ಲವಳು ಮುಕ್ಕುಂದದ ಸೂಗಮ್ಮ ಒಬ್ಬಳೇ. ಕಸ್ತೂರೆಮ್ಮನ ಅಕ್ಕ, ಬೀಸುವ ಕಲ್ಲಿನ ಗೂಟಕ್ಕೆ ಎದುರು ಕೂತು ಕೈಹಾಕಿ ತಂಗಿಯೊಡನೆ ಹಾಡಿದವಳು.

ಬೇಸಿಗೆಗೆ ಸೂಗಮ್ಮ ಮಸ್ಕಿಗೆ ಬಂದಳು. ಯಂತ್ರದ ಮುಂದೆ ಚಾಪೆ ಹಾಕಿಸಿಕೊಂಡು ಕೂತಳು.

"ಇದೇನ್ಲೇ ಜಂಬಿ, ಟೀವ್ಯಾಗ ಮಂದೀನ ಬರವಲ್ರು!"

"ಮಂದಿ ಬರಂಗಿಲ್ಲ ದೊಡ್ಡವ್ವ, ನೀ ಹಾಡಿದ್ದು ಬರತೈತಿ."

"ಹಂಗಾರ ಇದು ನನ್ನ ಪದ ನುಂಗಾಕ ಕುಂತೈತಿ ಅನ್ನು. ನನಗ ಒಂದು ಕಪ್ ಚಾ ಇಲ್ಲ, ಇದಕ್ಕ ನೋಡು ಪುಗಸಟ್ಟೆ ಪದ!"

ಚಹ ಬಂದ ಮೇಲೆ ಹಾಡಿದಳು. ಕನ್ನಡ ಅಕ್ಷರ ಅದರಲ್ಲಿರಲಿಲ್ಲ. ಜಂಬಕ್ಕ ಇಂಗ್ಲಿಷ್ ಅಕ್ಷರಗಳಲ್ಲೇ ಕನ್ನಡ ಪದ ಹೊಡೆದಳು. ಕಾಗದದ ಮೇಲೆ ಬರೆಯಬಹುದಿತ್ತಲ್ಲ ಎಂದು ನಾನೊಮ್ಮೆ ಕೇಳಿದ್ದೆ. ಸೂಗಮ್ಮನ ನೆನಪು ನೆಟ್ಟಗೆ ಬರುತ್ತಿರಲಿಲ್ಲ. ಇವತ್ತು ಕೊನೆಯ ಸಾಲು, ನಾಳೆ ರೊಟ್ಟಿ ಬಡಿಯುವಾಗ ನಡುವಿನದು. "ಇದರಾಗ ಜಾಗ ಮಾಡಿಕೊಡಬಹುದು" ಎಂದಳು ಜಂಬಕ್ಕ. ಒಂದು ಕೀಲಿ ಒತ್ತಿದರೆ ಹಸಿರು ಸಾಲುಗಳು ತಾವಾಗಿ ಕೆಳಗೆ ಸರಿದು, ತಡವಾಗಿ ಬಂದ ಸಾಲನ್ನು ನಡುವೆ ಕೂರಿಸಿಕೊಳ್ಳುತ್ತಿದ್ದವು.

*ಹಳ್ಳದ ಆಚಿ ದಂಡಿ ನನ ತವರು ಕಾಣತಾದ*
*ಕಲ್ಲಿನ ಗೂಟ ಕೈ ಬಿಡವಲ್ದು…*

ಇದರ ಮೂರನೆಯ ಸಾಲಿಗಾಗಿ ಇಬ್ಬರೂ ಒಂದು ವಾರ ಕಾದರು. ಅದು ಬಂದ ದಿನ ಸೂಗಮ್ಮ ಅತ್ತಳು. ಜಂಬಕ್ಕ ಅಳದೆ ಹೊಡೆದು ಮುಗಿಸಿ, ಫ್ಲಾಪಿಯಲ್ಲಿಟ್ಟು, ಆಮೇಲೆ ಅತ್ತಳು.

ಆ ಸಲ ಕಸ್ತೂರೆಮ್ಮನ ಸಾವಿನ ವರ್ಷದ ದಿನ ಅವಷ್ಟೂ ಪದಗಳನ್ನು ಓದಿ ಕೇಳಿಸಬೇಕೆಂದು ದೊಡ್ಡಪ್ಪ ಮಗಳಿಂದ ಮಾತು ತೆಗೆದುಕೊಂಡ. ಇಪ್ಪತ್ತು ವರ್ಷದಲ್ಲಿ ಅವನು ಏನನ್ನಾದರೂ ಕೇಳಿದ್ದು ಅದೊಂದೇ ಸಲ. ಎರಡನೆಯ ಪ್ರತಿ ಮಾಡಿಡಲು ಹೊಸ ಫ್ಲಾಪಿ ರಾಯಚೂರಿನಿಂದ ಬರಬೇಕಿತ್ತು.

ಅದಕ್ಕೂ ಮೊದಲು ಮುಕ್ಕುಂದದಿಂದ ಸುದ್ದಿ ಬಂತು. ಊರಿಗೆ ಮರಳಿದ್ದ ಸೂಗಮ್ಮ ಗದ್ದೆಯ ಬದುವಿನಲ್ಲಿ ಕುಸಿದವಳು ಮತ್ತೆ ಏಳಲಿಲ್ಲ. ಜಂಬಕ್ಕ ಮಣ್ಣು ಕೊಡಲು ಹೋದಳು. ಮಂಡಿನೋವಿನ ದೊಡ್ಡಪ್ಪ ಅಂಗಡಿಯಲ್ಲೇ ಉಳಿದ.

ಒಬ್ಬನೇ ಕೂತವನಿಗೆ ಮೇಜಿನ ಮೇಲಿನ ಫ್ಲಾಪಿ ಕಣ್ಣಿಗೆ ಬಿದ್ದಿರಬೇಕು. ಇನ್ನು ಹಾಡುವವರಿಲ್ಲ, ಇದೊಂದೇ ಉಳಿದದ್ದು, ಮನೆಯಲ್ಲಿ ಇಲಿಗಳಿವೆ. ಅಂಗಡಿಯ ಜಂತಿಗೆ ಒಂದು ಕೊಕ್ಕೆ ತಂತಿ ತೂಗುತ್ತಿತ್ತು. ಹೊಲದ ಪಾವತಿ, ಮನೆಯ ಕಂದಾಯದ ರಸೀದಿ, ಕಳೆಯಬಾರದ್ದೆಲ್ಲವನ್ನೂ ಅವನು ಅದಕ್ಕೇ ಚುಚ್ಚಿಡುತ್ತಿದ್ದ. ಇಲಿ ಮುಟ್ಟದ ಜಾಗ ಅದೊಂದೇ.

ಜಂಬಕ್ಕ ಮುಕ್ಕುಂದದಿಂದ ಬಂದು ಕಾಲು ತೊಳೆಯುತ್ತಿದ್ದಾಗಲೇ ಅವನು ಹೇಳಿದ: "ನಿಮ್ಮವ್ವನ ಪದ ಭದ್ರ ಮಾಡೀನವ್ವ. ನಡಬರಕ ಚುಚ್ಚಿಲ್ಲ ಮತ್ತ, ಅಂಚಿಗೆ ಚುಚ್ಚೀನಿ."

ಅವಳು ತಲೆಯೆತ್ತಿ ನೋಡಿದಳು. ರಸೀದಿಗಳ ಮೇಲೆ, ಎಲ್ಲಕ್ಕಿಂತ ಮೇಲೆ, ಕರಿಯ ಚೌಕ. ಅಂಚು ಎಂದು ಅವನು ತಿಳಿದಿದ್ದು ಹೊದಿಕೆಯ ಅಂಚು. ಪದಗಳಿದ್ದದ್ದು ಒಳಗಿನ ದುಂಡು ತಟ್ಟೆಯಲ್ಲಿ; ತಂತಿ ಅದನ್ನೇ ತೂತು ಮಾಡಿ ಹೋಗಿತ್ತು.

"ಭದ್ರ ಐತಿಲ್ಲ?"

"ಐತಪ್ಪ" ಎಂದಳು.

ಅವನು ಅಂಗಡಿಗೆ ಹೋದ ಮೇಲೆ ಬಿಡಿಸಿ ಯಂತ್ರಕ್ಕೆ ಹಾಕಿ ನೋಡಿದಳು. ಕರಕರ ಸದ್ದು, ಓದಲಾಗದು ಎಂಬ ಒಂದು ಸಾಲು. ಲಿಂಗಸುಗೂರಿಗೂ ಒಯ್ದಳು. ತರಗತಿಯ ಮೇಷ್ಟ್ರು ಅದನ್ನು ಬೆಳಕಿಗೆ ಹಿಡಿದು, ತೂತಿನಿಂದ ಆಚೆ ನೋಡಿ, ಹಿಂದಿರುಗಿಸಿದರು.

ವರ್ಷದ ದಿನ ಮಧ್ಯಾಹ್ನ, ಪೂಜೆಗೆ ಬಂದ ಅಯ್ಯನವರು ಉಂಡು ಹೋದ ಮೇಲೆ, ದೊಡ್ಡಪ್ಪ ಒಗೆದ ಧೋತರ ಉಟ್ಟು ಹಿಂದಿನ ಕೋಣೆಯ ಮಂಚದ ಮೇಲೆ ಕೂತ. ಜಂಬಕ್ಕ ಯಂತ್ರ ಹಚ್ಚಿದಳು. ಇನ್ನಾವುದೋ ಫ್ಲಾಪಿ ತೂರಿಸಿ, ತರಗತಿಯಲ್ಲಿ ಕಲಿಯಲೆಂದು ಹೊಡೆದಿದ್ದ ಇಂಗ್ಲಿಷ್ ಅರ್ಜಿಯೊಂದನ್ನು ಪರದೆಗೆ ತಂದಳು. ಹಸಿರು ಅಕ್ಷರಗಳು ತುಂಬಿಕೊಂಡವು. ಅವನಿಗೆ ಆ ಅಕ್ಷರ ಬಾರದು.

ಅವಳು ಅರ್ಜಿಯನ್ನು ನೋಡುತ್ತ ತಾಯಿಯ ಪದ ಹೇಳತೊಡಗಿದಳು. ನೆನಪಿದ್ದಲ್ಲಿ ನೆನಪಿದ್ದದ್ದು. ಇಲ್ಲದಲ್ಲಿ, ಇದ್ದಿರಬಹುದಾದದ್ದು. ಹಳ್ಳದ ಆಚೆಯ ತವರಿನ ಪದಕ್ಕೆ ಬಂದಾಗ ಆ ಮೂರನೆಯ ಸಾಲು ಬರಲಿಲ್ಲ. *ಮಲ್ಲಿಗಿ ಬಳ್ಳಿ ನನ ಕರದಾವ* ಎಂದು ಮುಗಿಸಿದಳು.

ದೊಡ್ಡಪ್ಪ ಕಣ್ಣು ತೆರೆದ.

"ಮಲ್ಲಿಗಿ?" ಎಂದ. "ಮುಕ್ಕುಂದದ ಅವ್ರ ತವರಮನ್ಯಾಗ ಎಲ್ಲಿ ಮಲ್ಲಿಗಿ ಇತ್ತವ್ವ. ಆಕಿ ಹೂವಿನ ಮಾತ ಎತ್ತತಿರಲಿಲ್ಲ."

ಜಂಬಕ್ಕ ಪರದೆಯಿಂದ ಕಣ್ಣು ಕದಲಿಸಲಿಲ್ಲ. ಅಂಗಡಿಯಲ್ಲಿ ಯಾರೋ ಬೆಲ್ಲ ಕೇಳಿದರು. ಅವನು ಏಳದೆ ಪರದೆಯನ್ನು ನೋಡಿದ. ಆಮೇಲೆ ಮಗಳ ಬೆನ್ನನ್ನು ನೋಡಿದ.

"ಇರಲಿ" ಎಂದ. "ಮುಂದ ಓದವ್ವ."

ಅವಳು ಮುಂದೆ ಓದಿದಳು.